ಪ್ಲಾಸ್ಟಿಕ್ಕಿನ ರಬ್ಬರ್ ಗಿಡದವರ ಸನ್ನಿಧಾನಕ್ಕೆ

ಮಾನ್ಯರೇ,

ಮೂರನೇ ಮಹಡಿಯ ಕಚೇರಿಯಲ್ಲಿ, ಲಿಫ್ಟಿನಿಂದ ಇಳಿದ ಕೂಡಲೇ ಎಡಗಡೆಗೆ, ದೊಡ್ಡ ಸಾಹೇಬರ ಗಾಜಿನ ಕೋಣೆಗೂ ಕಾಫಿ ಯಂತ್ರಕ್ಕೂ ನಡುವೆ ಎಲೆಯೊಂದೂ ಅಲುಗದಂತೆ ವಿರಾಜಮಾನರಾಗಿರುವ ತಮಗೆ, ಅದೇ ಜಾಗದಲ್ಲಿ ತಮಗಿಂತ ಮೊದಲು ಬದುಕಿ ಸತ್ತ ನಿಜವಾದ ರಬ್ಬರ್ ಗಿಡವನ್ನು ಒಂಬತ್ತು ತಿಂಗಳು ನೋಡಿಕೊಂಡ ತೋಟಗಾರ್ತಿಯ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ಭಾವಿಸದೆ ಗತ್ಯಂತರವಿಲ್ಲ, ಏಕೆಂದರೆ ಕ್ಷೇಮವಾಗಿರುವುದನ್ನು ಬಿಟ್ಟು ಬೇರೇನನ್ನೂ ಮಾಡಲು ತಮಗೆ ಬರುವುದಿಲ್ಲ. ತಮ್ಮ ಜೊತೆಗೆ ಒಂದೇ ಪೆಟ್ಟಿಗೆಯಲ್ಲಿ ಬಂದಿಳಿದ ಉಳಿದ ಹತ್ತು ಗಿಡಗಳಿಗೂ ನನ್ನ ಗೌರವ ತಿಳಿಸಿ.

ಇದನ್ನು ಸಾಹೇಬರಿಗೇ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅವರಿಗೆ ಮೂರು ಸಲ ಬರೆದೆ, ಆಡಳಿತ ವಿಭಾಗದ ಮೇಡಮ್ಮಿಗೆ ಎರಡು ಸಲ ಬರೆದೆ. ಇಬ್ಬರೂ ಉತ್ತರಿಸಲಿಲ್ಲ. ತಾವೂ ಉತ್ತರಿಸುವುದಿಲ್ಲವೆಂಬುದು ಗೊತ್ತು, ಆದರೆ ತಮ್ಮ ಮೌನದಲ್ಲಿ ಕಪಟವಿಲ್ಲ.

ನನ್ನ ಕರಾರು ಇಪ್ಪತ್ನಾಲ್ಕು ತಿಂಗಳದ್ದು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ, ಯಾರೂ ಬರುವ ಮೊದಲು, ಹನ್ನೊಂದು ಕುಂಡಗಳಿಗೂ ನೀರುಣಿಸಿ, ಎಲೆ ಒರೆಸಿ, ಮಣ್ಣು ಸಡಿಲಿಸಿ, ಚೆಲ್ಲಿದ್ದನ್ನೆಲ್ಲ ಬಳಿದು ಹೊರಡಬೇಕು. ಅವಧಿಗೆ ಮುಂಚೆ ಕರಾರು ಮುಗಿಸಬೇಕೆನ್ನುವವರು, ಅವರಾದರೂ ಸರಿ ನಾನಾದರೂ ಸರಿ, ಅರವತ್ತು ದಿನ ಮೊದಲೇ ಬರೆದು ತಿಳಿಸಬೇಕೆಂದು ಅದರ ಏಳನೇ ಕಲಮು ಹೇಳುತ್ತದೆ. ನನ್ನ ಕೆಲಸದಲ್ಲಿ ದೋಷವಿದ್ದರೆ ಅದೇನೆಂದು ಬರೆದು, ಸರಿಪಡಿಸಲು ಹದಿನಾಲ್ಕು ದಿನ ಕೊಟ್ಟು, ಅದಾದ ಮೇಲೂ ಸರಿಹೋಗದಿದ್ದರೆ ಮಾತ್ರ ಕೂಡಲೇ ಕೈಬಿಡಬಹುದೆಂದು ಎಂಟನೆಯದು ಹೇಳುತ್ತದೆ. ನನಗೆ ಬಂದದ್ದು ಒಂದು ಸೋಮವಾರ ಸಂಜೆ ನಾಲ್ಕು ಗಂಟೆಗೆ ಒಂದೇ ಸಾಲಿನ ಮಿಂಚಂಚೆ: ‘ತಮ್ಮ ಅಜಾಗರೂಕತೆಯಿಂದ ಎಲ್ಲ ಗಿಡಗಳೂ ಸತ್ತಿರುವುದರಿಂದ ನಾಳೆಯಿಂದ ಬರುವ ಅಗತ್ಯವಿಲ್ಲ.’ ಬುಧವಾರದ ಹೊತ್ತಿಗೆ ತಾವು ಬಂದು ನಿಂತಿದ್ದಿರಿ. ತಮ್ಮನ್ನು ತರಿಸಲು ಎರಡು ವಾರವಾದರೂ ಬೇಕೆಂದು ಅಂಗಡಿಯವರು ಹೇಳುತ್ತಾರೆ, ಆದ್ದರಿಂದ ನೋಟಿಸನ್ನು ತಾವು ನನಗಿಂತ ಮೊದಲೇ ಪಡೆದವರು. ಅಭಿನಂದನೆಗಳು.

ಫೋನು ಮಾಡಿದಾಗ ಆಡಳಿತದ ಮೇಡಮ್ಮು ಬಹಳ ಅಕ್ಕರೆಯಿಂದಲೇ, “ನೀವು ನಮ್ಮ ಸ್ಟಾಫ್ ಅಲ್ವಲ್ಲ, ನಿಮಗ್ಯಾಕೆ ನೋಟಿಸು?” ಎಂದರು. ಅವರ ಜಾಣ್ಮೆಗೆ ತಲೆಬಾಗುತ್ತೇನೆ. ಇದೇ ಒಂಬತ್ತು ತಿಂಗಳು ನಾನು ಹಾಜರಿ ಪುಸ್ತಕಕ್ಕೆ ಸಹಿ ಹಾಕಿದವಳು, ಕಚೇರಿಯ ಬಿಲ್ಲೆಯನ್ನು ಕೊರಳಿಗೆ ನೇತುಹಾಕಿಕೊಂಡೇ ಬಗ್ಗಿ ಮಣ್ಣು ಕೆದಕಿದವಳು, ಹತ್ತು ನಿಮಿಷ ತಡವಾದದ್ದಕ್ಕೆ ಒಮ್ಮೆ ಕಾರಣ ಬರೆದುಕೊಟ್ಟವಳು. ಪಕ್ಕದ ಆಸ್ಪತ್ರೆಯವರು ತಮ್ಮ ಅಂಗಳದ ಕೆಲಸಕ್ಕೆ ಕರೆದಾಗ ಇದೇ ಮೇಡಮ್ಮು, “ನಿಮ್ಮನ್ನ ನಮ್ಮೋರು ಅಂತಾನೇ ಅಂದ್ಕೊಂಡಿದೀವಿ, ಇದೇ ಬೀದೀಲಿ ಇನ್ನೊಂದ್ಕಡೆ ಮಾಡಿದ್ರೆ ಚೆನ್ನಾಗಿರಲ್ಲ” ಎಂದದ್ದಕ್ಕೆ ನಾನು ಆಸ್ಪತ್ರೆಯವರಿಗೆ ಕೈಮುಗಿದು ಬಂದೆ. ದುಡಿಸಿಕೊಳ್ಳುವಾಗ ಮನೆಮಗಳು, ಕಳಿಸುವಾಗ ದಾರಿಹೋಕಳು. ಇಷ್ಟು ಬೇಗ ಬಣ್ಣ ಬದಲಿಸುವುದು ಜೀವವಿರುವ ಎಲೆಗಳಿಗೂ ಆಗುವುದಿಲ್ಲ.

ನಾನು ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ನನ್ನ ಅತ್ತೆಯವರು ಮೂವತ್ತು ವರ್ಷ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಅವರು ಕನ್ನಡಕ ಹಾಕಿಕೊಂಡು ಕರಾರಿನ ನಾಲ್ಕು ಪುಟಗಳನ್ನೂ ಓದಿ, “ಮೊದಲು ಓದ್ಬೇಕು, ಆಮೇಲೆ ಅಳ್ಬೇಕು. ಇದ್ರಲ್ಲಿ ಅಳೋಕೆ ಏನೂ ಇಲ್ಲ” ಎಂದು ಎಂಟನೇ ಕಲಮಿನ ಕೆಳಗೆ ಗೆರೆ ಎಳೆದರು. ಅಂದಿನಿಂದ ನಮ್ಮ ಮನೆಯಲ್ಲಿ ಸೊಪ್ಪು ಬಿಡಿಸುವಾಗಲೂ ಕಲಮುಗಳದ್ದೇ ಮಾತು.

ಈಗ ಗಿಡಗಳ ಸಾವಿನ ವಿಚಾರಕ್ಕೆ ಬರುತ್ತೇನೆ. ಆರು ತಿಂಗಳು ಅವು ಹಸಿರಾಗಿಯೇ ಇದ್ದವು. ಏಳನೇ ತಿಂಗಳಲ್ಲಿ ಸಾಹೇಬರು ತಾವೇ ಆರಿಸಿ ಒಂದು ಕಾಫಿ ಯಂತ್ರ ತಂದರು. ಅದರ ಕಾಫಿಯ ಬಗ್ಗೆ ನಾನು ಹೆಚ್ಚು ಹೇಳಲಾರೆ, ಒಂದೇ ಗುಟುಕು ಕುಡಿದವಳು ನಾನು. ಆದರೆ ಅಲ್ಲಿ ಗುಡಿಸುವ ಅಕ್ಕ ಹೇಳುತ್ತಿದ್ದಂತೆ, ಸಾಹೇಬರು ಯಂತ್ರದ ಪಕ್ಕದಲ್ಲೇ ನಿಂತು, “ಹೇಗಿದೆ?” ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು, ತುಂಬಿದ ಲೋಟ ತೊಟ್ಟಿಯಲ್ಲಿ ಕಂಡರೆ ದಿನವಿಡೀ ಮುಖ ಸಣ್ಣಗೆ ಮಾಡಿಕೊಂಡಿರುತ್ತಿದ್ದರು. ಹೀಗಾಗಿ ಇಡೀ ಕಚೇರಿ ಸಾಹೇಬರ ಮನಸ್ಸು ನೋಯಿಸಬಾರದೆಂದು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಹತ್ತಿರದ ಕುಂಡಕ್ಕೆ ಕಾಫಿ ಸುರಿಯತೊಡಗಿತು. ಬರಿದಾದ ಲೋಟಗಳನ್ನು ಕಂಡು ಸಾಹೇಬರು ಹಿಗ್ಗಿ, ದಿನಕ್ಕೆ ಎರಡು ಹೊತ್ತಿನ ಕಾಫಿಯನ್ನು ಮೂರು ಹೊತ್ತಿಗೆ ಏರಿಸಿದರು. ಮಣ್ಣಿನ ಮೇಲೆ ಬಿಳಿ ಬೂಷ್ಟು, ಹುಳಿ ವಾಸನೆ, ಇರುವೆಯ ಸಾಲು ಕಂಡು ನಾನು ಮೂರು ಬಾರಿ ಮಣ್ಣು ಬದಲಿಸಿದೆ, ‘ದಯವಿಟ್ಟು ಗಿಡಕ್ಕೆ ಏನನ್ನೂ ಹಾಕಬೇಡಿ’ ಎಂದು ಚೀಟಿ ಅಂಟಿಸಿದೆ. ಮುಂದಿನ ಶುಕ್ರವಾರ ಆ ಚೀಟಿ ಒಬ್ಬರ ಮೇಜಿನ ಮೇಲೆ ಕಾಫಿ ಲೋಟದ ಅಡಿಯಲ್ಲಿತ್ತು. ಹನ್ನೊಂದು ಗಿಡಗಳು ಸತ್ತದ್ದು ನನ್ನ ಅಜಾಗರೂಕತೆಯಿಂದಲ್ಲ, ಇವರೆಲ್ಲರ ದಾಕ್ಷಿಣ್ಯದಿಂದ.

ಇಷ್ಟು ದಿನ ಇದು ನನ್ನ ಬಾಯಿಮಾತು ಮಾತ್ರವಾಗಿತ್ತು. ಹೋದ ವಾರ ಆ ಗುಡಿಸುವ ಅಕ್ಕ ಬಸ್ಸಿನಲ್ಲಿ ಸಿಕ್ಕಿ, “ಆ ಪ್ಲಾಸ್ಟಿಕ್ ಕುಂಡದಲ್ಲೂ ಹುಯ್ತಾನೇ ಇದಾರೆ ಕಣೇ. ಅದಕ್ಕೆ ತೂತೇ ಇಲ್ಲ, ಎಲ್ಲ ಒಳಗೇ ನಿಂತಿದೆ” ಎಂದಳು. ಮಾನ್ಯರೇ, ಆ ಕ್ಷಣದಿಂದ ತಮ್ಮ ಬಗ್ಗೆ ನನಗಿದ್ದ ಅಸೂಯೆ ಪೂರ್ತಿ ಕರಗಿ ಭಕ್ತಿಯಾಗಿದೆ. ನನ್ನ ಗಿಡಗಳು ಸಾಕ್ಷ್ಯವನ್ನೆಲ್ಲ ಹೀರಿಕೊಂಡು ಸತ್ತವು. ತಾವು ಒಂದು ಹನಿಯನ್ನೂ ಹೀರದೆ, ಐದು ವಾರಗಳ ಸಾಕ್ಷ್ಯವನ್ನು ಹಾಗೆಯೇ ಕಾಪಾಡಿದ್ದೀರಿ.

ನನಗೆ ಏಕಿಷ್ಟು ಹಟವೆಂದರೆ, ಆಸ್ಪತ್ರೆಯವರು ಮತ್ತೆ ಕರೆದಿದ್ದಾರೆ. ಹಿಂದಿನ ಕರಾರು ಹೇಗೆ ಮುಗಿಯಿತೆಂಬುದಕ್ಕೆ ಪತ್ರ ಲಗತ್ತಿಸಬೇಕಂತೆ, ತಿಂಗಳ ಕೊನೆಯೊಳಗೆ. ನನ್ನ ಬಳಿ ಇರುವುದು ‘ಅಜಾಗರೂಕತೆ’ ಎಂದು ಬರೆದ ಆ ಒಂದು ಸಾಲು ಮಾತ್ರ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ್ದೇನೆ, ಗಿಡ ಕೊಂದವಳೆಂದು ಯಾರೂ ಅಂದಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳು. ಸಾಧ್ಯವಾದರೆ ತಾವು ಒಂದೇ ಒಂದು ಎಲೆಯನ್ನು ಬಾಡಿಸಿ ತೋರಿಸಬೇಕು, ಸಾಹೇಬರು ಎಂಟನೇ ಕಲಮಿನಂತೆ ತಮಗಾದರೂ ಹದಿನಾಲ್ಕು ದಿನ ಕೊಡುತ್ತಾರೋ ನೋಡೋಣ. ಅದಾಗದಿದ್ದರೆ ತಾವೇ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಬಿಲ್ಲೆ ಧರಿಸಿ, ಒಂದು ದಿನ ಹತ್ತು ನಿಮಿಷ ತಡವಾಗಿ ಬರಬೇಕು. ಅದೂ ಕಷ್ಟವೆನಿಸಿದರೆ ಸುಮ್ಮನೆ ಈಗಿರುವಂತೆಯೇ ಮಂಗಳವಾರದವರೆಗೆ ತುಂಬಿಕೊಂಡು ನಿಂತಿರಬೇಕು. ಅದೊಂದು ತಮ್ಮಿಂದ ಆದೀತು.

ಮಂಗಳವಾರವೇ ಏಕೆಂದರೆ, ನಿನ್ನೆ ಮೇಡಮ್ಮಿನ ಫೋನು ಬಂದಿತ್ತು. ಕಚೇರಿಯಲ್ಲಿ ಏನೋ ಕೊಳೆತ ವಾಸನೆಯಂತೆ, ಕೊಳಾಯಿಯವರು, ಏಸಿಯವರು ಬಂದು ನೋಡಿ ಹೋದರಂತೆ, ಒಂದೂ ತಿಳಿಯಲಿಲ್ಲವಂತೆ. “ನಿಮಗೆ ಇಂಥದ್ದೆಲ್ಲ ಗೊತ್ತಾಗುತ್ತಲ್ಲ, ಸುಮ್ನೆ ಒಂದ್ಸಲ ಬಂದು ನೋಡಿ ಹೋಗಿ” ಎಂದರು. ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಕಾರಣ ಗೊತ್ತು, ಆದರೆ ಹೇಳುವ ಬಾಯಿ ಒಂದೂ ಇಲ್ಲ. ಸುಮ್ಮನೆ ಬರಲಾರೆ, ಕರಾರಿನ ಪ್ರಕಾರ ಬರುತ್ತೇನೆ ಎಂದೆ. ಅತ್ತೆಯವರ ಲೆಕ್ಕದಲ್ಲಿ ಸರಿಯಾದ ನೋಟಿಸು ಇನ್ನೂ ಬಂದೇ ಇಲ್ಲ, ಹಾಗಾಗಿ ಕರಾರು ಇನ್ನೂ ಜೀವಂತ. ಈ ಸಲ ಮಾತ್ರ ಬೆಳಿಗ್ಗೆ ಏಳಕ್ಕಲ್ಲ, ಹತ್ತಕ್ಕೆ, ಎಲ್ಲರೂ ಕೂತಿರುವಾಗ ಬಂದು, ಸಾಹೇಬರೆದುರಿಗೇ ತಮ್ಮನ್ನು ಒಂದು ಬಕೆಟ್ಟಿಗೆ ಬಗ್ಗಿಸುತ್ತೇನೆ. ಯಾರು ಸುರಿದರೆಂದು ಒಬ್ಬರನ್ನೂ ಬೊಟ್ಟು ಮಾಡಿ ತೋರಿಸುವುದಿಲ್ಲ, ಅವರೂ ಕೆಲಸ ಉಳಿಸಿಕೊಳ್ಳಬೇಕಾದವರೇ. ನನಗೆ ಬೇಕಾದದ್ದು ಆ ಒಂದು ಸಾಲನ್ನು ಹಿಂತೆಗೆದುಕೊಂಡ ಪತ್ರ ಮತ್ತು ಅರವತ್ತು ದಿನದ ನೋಟಿಸು. ಎರಡನ್ನೂ ಅತ್ತೆಯವರು ಟೈಪು ಮಾಡಿಟ್ಟಿದ್ದಾರೆ, ಸಾಹೇಬರು ಸಹಿ ಮಾಡಿದರೆ ಸಾಕು.

ಅಂದು ನನ್ನ ಜೊತೆ ಇನ್ನೊಂದು ಸಾಕ್ಷಿಯೂ ಬರುತ್ತದೆ. ತಮಗಿಂತ ಮೊದಲಿದ್ದ ರಬ್ಬರ್ ಗಿಡದಿಂದ, ಅದು ಇನ್ನೇನು ಉಳಿಯುವುದಿಲ್ಲವೆಂದು ತಿಳಿದ ದಿನ, ಒಂದು ಟೊಂಗೆ ಕತ್ತರಿಸಿ ತಂದು ಅಡುಗೆಮನೆಯ ಕಿಟಕಿಯಲ್ಲಿ ನೀರಿನ ಬಾಟಲಿಗೆ ಹಾಕಿದ್ದೆ. ಈಗ ಬೇರು ಬಿಟ್ಟಿದೆ, ಎರಡು ಹೊಸ ಎಲೆಗಳೂ ಬಂದಿವೆ. ಅದೇ ಗಿಡ, ಅದೇ ಕೈ. ಕಾಫಿ ಮಾತ್ರ ಹಾಕಿಲ್ಲ.

ಅಲ್ಲಿಯವರೆಗೆ ಅಲುಗಾಡದಿರಬೇಕೆಂದು ಬೇಡುವ,

ತಮ್ಮ ವಿಶ್ವಾಸಿ,
ಇನ್ನೂ ಹದಿಮೂರು ತಿಂಗಳು ಮತ್ತು ಮೂರು ವಾರದ ಕರಾರು ಬಾಕಿಯಿರುವ ತೋಟಗಾರ್ತಿ

ತಾ.ಕ.: ಮಂಗಳವಾರ ಸಾಹೇಬರು ನನಗೂ ಒಂದು ಲೋಟ ಕಾಫಿ ಕೊಟ್ಟರೆ ಬೇಡವೆನ್ನುವುದಿಲ್ಲ. ಎರಡು ಕೈಯಲ್ಲೂ ಇಸಿದುಕೊಂಡು, ಅವರ ಕೈಗೇ ವಾಪಸು ಕೊಟ್ಟು, ಪೂರ್ತಿ ಕುಡಿಯುವವರೆಗೆ ಪಕ್ಕದಲ್ಲೇ ನಿಂತು, “ಹೇಗಿದೆ?” ಎಂದು ಕೇಳುತ್ತೇನೆ. ಆ ಹೊತ್ತಿಗೆ ತಾವು ಅವರ ಕೈಗೆ ಎಟುಕದಷ್ಟು ದೂರದಲ್ಲಿರುವಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ.