ಮುತ್ತಿನ ಮೇಷ್ಟ್ರ ಡಿಜಿಟಲ್ ಪಾಠ

ಇಷ್ಟೆಲ್ಲ ಫಜೀತಿಗೆ ಕಾರಣವಾದದ್ದು ಗೇಣುದ್ದವೂ ಇಲ್ಲದ ಒಂದು ಕಪ್ಪು ಪೆನ್ನು. ಅದು ಡ್ರಿಲ್ ಮಾಸ್ಟರ ಮೇಜಿನ ಮೇಲೆ, ಗಾಳಿ ಹೋದ ಎರಡು ಫುಟ್‌ಬಾಲುಗಳ ನಡುವೆ, ತನ್ನ ಪಾಡಿಗೆ ತಾನು ಬಿದ್ದಿತ್ತು. ಎರಡನೇ ಕ್ಲಾಸಿನ ಮೇಷ್ಟ್ರು ಬೆಳಗಿನ ಎಂಟು ಗಂಟೆಗೆ ಕಳ್ಳ ಹೆಜ್ಜೆ ಹಾಕುತ್ತ ಬಂದು ಅದನ್ನು ಎತ್ತಿಕೊಂಡು ಹೋಗದಿದ್ದರೆ ಆ ದಿನವೂ ಎಲ್ಲ ದಿನಗಳಂತೆ ಮುಗಿದುಹೋಗುತ್ತಿತ್ತು.

ಮೇಷ್ಟ್ರಿಗೆ ಶಾಲೆಯಲ್ಲಿ 'ಮುತ್ತಿನ ಮೇಷ್ಟ್ರು' ಎಂದು ಹೆಸರು. ಅವರು ಬರೆದರೆ ಮುತ್ತು ಪೋಣಿಸಿದ ಹಾಗೆ. ಇಪ್ಪತ್ತೊಂಬತ್ತು ವರ್ಷದಿಂದ ಎರಡನೇ ಕ್ಲಾಸಿಗೇ ಪಾಠ. ಊರಿನಲ್ಲಿ ದುಂಡಗೆ ಬರೆಯುವವರು ಯಾರೇ ಕಂಡರೂ, ಅವರು ಔಷಧಿ ಅಂಗಡಿಯವರಿರಲಿ, ಬಸ್ ಕಂಡಕ್ಟರಿರಲಿ, ಈ ಮೇಷ್ಟ್ರ ಕೈಯಲ್ಲಿ ಪಳಗಿದವರು ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು. ಬಳಪ ಹಿಡಿಯಲು ಬಾರದ ಪುಟ್ಟ ಬೆರಳುಗಳನ್ನು ತಮ್ಮ ಕೈಯೊಳಗೆ ಇಟ್ಟುಕೊಂಡು ಮೊದಲ ಸಲ ಒಂದು ಅಕ್ಷರವನ್ನು ತಿದ್ದಿಸುವಾಗ ಅವರಿಗೆ ಆಗುತ್ತಿದ್ದ ಸಂತೋಷ ಬೇರೆ ಯಾವುದರಲ್ಲೂ ಆಗುತ್ತಿರಲಿಲ್ಲ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಇದೇ ಕ್ಲಾಸಿನ ಬಾಗಿಲಿನಿಂದ ಹೊರಗೆ ಹೆಜ್ಜೆ ಇಟ್ಟು ಮನೆಗೆ ಹೋಗಬೇಕು ಎನ್ನುವುದೊಂದೇ ಅವರ ಆಸೆ.

ಆ ಆಸೆಗೆ ಕಲ್ಲು ಹಾಕಲು ಬಂದದ್ದು ಡಿಜಿಟಲ್ ಬೋರ್ಡು. ಮೂರು ತಿಂಗಳ ಹಿಂದೆ ಇಬ್ಬರು ಬಂದು ಕರಿಹಲಗೆಯ ಪಕ್ಕದಲ್ಲಿ ಬೆಳ್ಳನೆಯ ದೊಡ್ಡ ಹಲಗೆಯೊಂದನ್ನು ಗೋಡೆಗೆ ಜಡಿದರು. ಚಾವಣಿಯಿಂದ ಒಂದು ಡಬ್ಬಿ ಇಳಿಬಿಟ್ಟರು. ಡಬ್ಬಿಯಿಂದ ಬೆಳಕು ಬಿದ್ದರೆ ಹಲಗೆಯ ಮೇಲೆ ಚಿತ್ರ, ಪಾಠ, ಹಾಡು ಎಲ್ಲ ಮೂಡುತ್ತಿದ್ದವು. ಕಂಪ್ಯೂಟರ್ ಮಿಸ್ ಒಂದು ಮಧ್ಯಾಹ್ನ ಪೂರ್ತಿ ಅದನ್ನು ವಿವರಿಸಿದರು. ಮೇಷ್ಟ್ರು ತಲೆಯಾಡಿಸಿದರು. ಮರುದಿನ ಮನೆಯಿಂದ ಒಂದು ಹಳೇ ಬೆಡ್‌ಶೀಟ್ ತಂದು, ಸೀಮೆಸುಣ್ಣದ ಧೂಳು ಬೀಳಬಾರದು ಎಂದು ಬೋರ್ಡಿಗೆ ಹೊದಿಸಿ, ಪಕ್ಕದ ಕರಿಹಲಗೆಯ ಮೇಲೆ ನೆಮ್ಮದಿಯಾಗಿ ಪಾಠ ಮುಂದುವರಿಸಿದರು.

ಹಿಂದಿನ ದಿನ ಸಂಜೆ ಸುತ್ತೋಲೆ ಬಂದಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಶಿಕ್ಷಣ ಇಲಾಖೆಯ ಸಾಹೇಬರೇ ಬಂದು ಎರಡನೇ ಕ್ಲಾಸಿನಲ್ಲಿ ಡಿಜಿಟಲ್ ಪಾಠ ನೋಡುತ್ತಾರೆ. ಆಮೇಲೆ ಮೇಷ್ಟ್ರು 'ತರಗತಿಯಲ್ಲಿ ತಂತ್ರಜ್ಞಾನ: ನನ್ನ ಅನುಭವ' ಎಂದು ಹತ್ತು ನಿಮಿಷ ಮಾತನಾಡಬೇಕು. ಅಲ್ಲಿಯವರೆಗೆ ಏನೋ ಸರಿ. ಕೊನೆಯ ಸಾಲನ್ನು ಮೇಷ್ಟ್ರು ನಾಲ್ಕು ಸಲ ಓದಿದರು. ಬೋರ್ಡು ಬಳಸಲು ಬಾರದ ಶಿಕ್ಷಕರನ್ನು ತರಗತಿಯಿಂದ ಬಿಡಿಸಿ ಇಲಾಖೆಯ ಕಡತ ವಿಭಾಗಕ್ಕೆ ಹಾಕಲಾಗುವುದು. ಮೇಷ್ಟ್ರು ಆ ವಿಭಾಗವನ್ನು ಒಮ್ಮೆ ನೋಡಿದ್ದರು. ಕಿಟಕಿಯಿಲ್ಲದ ಕೋಣೆ, ಮಾಡಿನವರೆಗೆ ಕಾಗದದ ಕಟ್ಟು, 'ಸಾರ್, ಇವನು ನನ್ನ ರಬ್ಬರ್ ಕದ್ದ' ಎಂದು ಹೇಳಲು ಒಂದು ನರಪಿಳ್ಳೆಯೂ ಇಲ್ಲ.

ಅದಕ್ಕೇ ಎಂಟು ಗಂಟೆಗೇ ಬಂದಿದ್ದರು, ಯಾರೂ ನೋಡದ ಹೊತ್ತಿನಲ್ಲಿ ಒಂದು ಕೈ ಅಭ್ಯಾಸ ಮಾಡೋಣವೆಂದು. ಬೆಡ್‌ಶೀಟ್ ತೆಗೆದರು. ಕಂಪ್ಯೂಟರ್ ಮಿಸ್ ಯಾವುದೋ ತರಬೇತಿಗೆ ಹೋಗಿದ್ದರು. 'ಕಪ್ಪು ಪೆನ್ನಲ್ಲಿ ಬರೀಬೇಕು ಸಾರ್' ಎಂದು ಅವರು ಹೇಳಿದ್ದು ಮಾತ್ರ ನೆನಪಿತ್ತು. ಕಪ್ಪು ಪೆನ್ನು ಕ್ಲಾಸಿನಲ್ಲಿ ಎಲ್ಲಿಯೂ ಕಾಣಲಿಲ್ಲ. ಡ್ರಿಲ್ ಮಾಸ್ಟರ ಮೇಜಿನ ಮೇಲೆ ಕಂಡಿತು.

ಬರೆದರು. ಆಹಾ! ಸೀಮೆಸುಣ್ಣದ ಹಾಗೆ ಕಿರ್ರೆನ್ನಲಿಲ್ಲ, ಧೂಳು ಉದುರಲಿಲ್ಲ, ಬೆಣ್ಣೆಯ ಮೇಲೆ ಬೆರಳು ಜಾರಿದ ಹಾಗೆ ಕೈ ಓಡಿತು. 'ಇಂದಿನ ಪಾಠ: ನಮ್ಮ ಸುತ್ತಲಿನ ಪ್ರಾಣಿಗಳು' ಎಂದು ಮೇಲೆ ಬರೆದು ಕೆಳಗೆ ಹಸು, ಎಮ್ಮೆ, ನಾಯಿ, ಬೆಕ್ಕು ಎಂದು ಸಾಲಾಗಿ ಬರೆದರು. ಉತ್ಸಾಹ ಉಳಿದಿದ್ದರಿಂದ ಮೂಲೆಯಲ್ಲಿ ಒಂದು ಎಮ್ಮೆಯ ಚಿತ್ರವನ್ನೂ ಬಿಡಿಸಿದರು. ಎಮ್ಮೆ ಗಂಭೀರವಾಗಿ ಬಾಗಿಲ ಕಡೆ ನೋಡುತ್ತಿತ್ತು.

"ಇಷ್ಟೇನಾ ತಂತ್ರಜ್ಞಾನ ಅಂದ್ರೆ? ಸುಮ್ನೆ ಮೂರು ತಿಂಗಳು ಹೆದರಿದ್ನಲ್ಲ!" ಎಂದು ತಮ್ಮಷ್ಟಕ್ಕೆ ನಕ್ಕು, ಅಳಿಸಲು ಡಸ್ಟರ್ ಎತ್ತಿಕೊಂಡರು.

ಎಮ್ಮೆ ಅಲ್ಲಾಡಲಿಲ್ಲ. ಒತ್ತಿ ಉಜ್ಜಿದರು. ಕರವಸ್ತ್ರ ಒದ್ದೆ ಮಾಡಿ ಉಜ್ಜಿದರು. ತೋಳು ನೋಯತೊಡಗಿತೇ ಹೊರತು ಎಮ್ಮೆಯ ಬಾಲದ ಒಂದು ಕೂದಲೂ ಕೊಂಕಲಿಲ್ಲ.

ಒಂಬತ್ತಕ್ಕೆ ಹೆಡ್ಮಿಸ್ ಬಂದರು. ಬಾಗಿಲಲ್ಲೇ ನಿಂತು ಬೋರ್ಡನ್ನೂ ಮೇಷ್ಟ್ರನ್ನೂ ನೋಡಿದರು.

"ಮೇಷ್ಟ್ರೇ, ಬೋರ್ಡಿನ ಪೆನ್ನು ನನ್ನ ಬೀರುವಲ್ಲಿದೆ. ಅದರಲ್ಲಿ ಮಸಿಯೇ ಇರಲ್ಲ, ಬರೀ ಬೆಳಕು. ನೀವು ಯಾವುದರಲ್ಲಿ ಬರೆದ್ರಿ?"

ಮೇಷ್ಟ್ರು ಉತ್ತರ ಕೊಡುವ ಮೊದಲೇ ಹಿಂದಿನಿಂದ ಡ್ರಿಲ್ ಮಾಸ್ಟರ ದನಿ ಕೇಳಿತು. "ಯಾರ್ರೀ ಅದು ನನ್ನ ಪೆನ್ನು ತಗೊಂಡಿದ್ದು?" ಎನ್ನುತ್ತ ಒಳಗೆ ಬಂದವರು ಬೋರ್ಡು ನೋಡಿ ಶಿಳ್ಳೆ ಹಾಕಿದರು. "ಅಯ್ಯಯ್ಯೋ, ಇದರಲ್ಲಿ ಬರೆದ್ರಾ ಸಾರ್? ಮೂರು ವರ್ಷದ ಹಿಂದೆ ಇದರಲ್ಲೇ ಬಾಲಿನ ಮೇಲೆ ನಂಬರ್ ಬರೆದಿದ್ದೆ. ಬಾಲ್ ಹರಿದು ಚಿಂದಿಯಾಯ್ತು, ನಂಬರ್ ಇನ್ನೂ ಹಾಗೇ ಇದೆ!"

ಹೆಡ್ಮಿಸ್ ಕುರ್ಚಿ ಹುಡುಕಿಕೊಂಡು ಕೂತರು. "ಹೋಗ್ಲಿ, ಸ್ವಿಚ್ ಹಾಕಿ ನೋಡೋಣ. ಬೆಳಕು ಬಿದ್ರೆ ಕಾಣದೇ ಇರಬಹುದು" ಎಂದರು. ಸ್ವಿಚ್ ಹಾಕಿದರು. ಬೋರ್ಡಿನ ಮೇಲೆ ನೀಲಿ ಸಮುದ್ರ ಮೂಡಿತು, ಬಣ್ಣಬಣ್ಣದ ಮೀನುಗಳು ತೇಲಿ ಬಂದವು. ನಡುವೆ ಎಮ್ಮೆ ನಿಂತಿತ್ತು. ಪಾಠ ಬದಲಿಸಿದರು. ಚಂದ್ರಲೋಕ ಬಂತು. ಅಲ್ಲಿಯೂ ಎಮ್ಮೆ ಮೊದಲೇ ಹೋಗಿ ನಿಂತಿತ್ತು. ಹೆಡ್ಮಿಸ್ ಸ್ವಿಚ್ ಆರಿಸಿ ಹಣೆ ಒತ್ತಿಕೊಂಡರು.

ಅಲ್ಲಿಂದ ಸಲಹೆಗಳ ಸುರಿಮಳೆ. ಆಯಮ್ಮ ಸೋಪಿನ ಪುಡಿ ತಂದು ತಿಕ್ಕಿದಳು. ಮೇಷ್ಟ್ರು ಹೆಂಡತಿಗೆ ಫೋನ್ ಮಾಡಿದರೆ ಆಕೆ, "ಹಲ್ಲುಜ್ಜೋ ಪೇಸ್ಟ್ ಹಾಕಿ ಉಜ್ಜಿ. ಅದೂ ಆಗಲಿಲ್ಲ ಅಂದ್ರೆ ಬಂದವರ ಕಾಲಿಗೆ ಬೀಳಿ. ಅಲ್ಲಾರೀ, ನಿಮ್ಮ ಅಕ್ಷರ ಶಾಶ್ವತವಾಗಿ ಉಳೀಬೇಕು ಅಂತಿದ್ರಲ್ಲ, ಈಗ ಉಳೀತಲ್ಲ!" ಎಂದಳು. ಪೇಸ್ಟ್ ಹಾಕಿದರು. ಕ್ಲಾಸಿಗೆಲ್ಲ ಬೆಳಗಿನ ಬಚ್ಚಲಿನ ವಾಸನೆ ಬಂತು, ಅಷ್ಟೇ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆರೆದು ಸ್ಪಿರಿಟ್ ಬಾಟಲಿ ಬಗ್ಗಿಸಿದರೆ ಅದರಲ್ಲಿ ಉಳಿದಿದ್ದದ್ದು ವಾಸನೆ ಮಾತ್ರ.

ಡ್ರಿಲ್ ಮಾಸ್ಟರಿಗೆ ಏನೋ ಹೊಳೆಯಿತು. "ಸಾರ್, ಎಲ್ಲೋ ಓದಿದ್ದೆ. ಅದೇ ಪೆನ್ನಲ್ಲಿ ಅದರ ಮೇಲೇ ಇನ್ನೊಂದು ಸಲ ಬರೆದು, ಹಸಿ ಇರುವಾಗ ಒರೆಸಿಬಿಟ್ರೆ ಹಳೇದೂ ಬಂದುಬಿಡತ್ತೆ."

ಮುಳುಗುವ ಮನುಷ್ಯ ಯಾರ ಮಾತನ್ನಾದರೂ ಕೇಳುತ್ತಾನೆ. ಮೇಷ್ಟ್ರು ಒಂದೊಂದಕ್ಷರವನ್ನೂ ಮತ್ತೆ ತಿದ್ದಿದರು, ಎಮ್ಮೆಯನ್ನೂ ತಿದ್ದಿದರು. ಅವರ ಸ್ವಭಾವ ನೋಡಿ, ತಿದ್ದುವಾಗ ಕೊಂಬು ಮೊದಲಿಗಿಂತ ಚೆನ್ನಾಗಿ ಬಂತು ಎಂದು ಒಂದು ಗಳಿಗೆ ಹಿಗ್ಗಿ ನಿಂತುಬಿಟ್ಟರು. ಅಷ್ಟರಲ್ಲಿ ಮಸಿ ಒಣಗಿತು. ಈಗ ಎಲ್ಲವೂ ಎರಡು ಪಟ್ಟು ಕಪ್ಪಾಗಿ ಹೊಳೆಯಿತು.

ಹೊರಗೆ ಜೀಪು ನಿಂತ ಸದ್ದಾಯಿತು.

"ಬಾಯಿ ಮುಚ್ಕೊಂಡು ಪಾಠ ಮಾಡಿ" ಎಂದು ಹೆಡ್ಮಿಸ್ ಪಿಸುಗುಟ್ಟಿದರು. ಅದು ಹೇಗೆ ಎಂದು ಕೇಳಲು ಸಮಯವಿರಲಿಲ್ಲ. ಡ್ರಿಲ್ ಮಾಸ್ಟರು ಪೆನ್ನು ಜೇಬಿಗೆ ಸೇರಿಸಿಕೊಂಡು ಮಾಯವಾದರು.

ಸಾಹೇಬರು ದೊಡ್ಡ ಆಳು. ತಂತ್ರಜ್ಞಾನದ ಬಗ್ಗೆ ನಲವತ್ತು ಸುತ್ತೋಲೆ ಬರೆದವರು, ಬೋರ್ಡೊಂದನ್ನು ಇಷ್ಟು ಹತ್ತಿರದಿಂದ ನೋಡುತ್ತಿದ್ದದ್ದು ಮಾತ್ರ ಅದೇ ಮೊದಲು. ಎರಡನೇ ಕ್ಲಾಸಿನ ಮಕ್ಕಳ ಬೆಂಚಿನ ಮೇಲೆ ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತರು. ಹೆಡ್ಮಿಸ್ ಸ್ವಿಚ್ ಹಾಕಿ, ಮೀನೂ ಬೇಡ ಚಂದ್ರನೂ ಬೇಡ ಎಂದು ಬರಿಯ ಬಿಳಿ ಬೆಳಕನ್ನು ಬೋರ್ಡಿನ ಮೇಲೆ ಬಿಟ್ಟರು. ಅಕ್ಷರಗಳು ಆ ಬೆಳಕಿನಲ್ಲಿ ಝಗಝಗಿಸಿದವು.

ಮೇಷ್ಟ್ರು ಕೋಲು ಹಿಡಿದು ಶುರು ಮಾಡಿದರು. ಮೊದಲ ಎರಡು ನಿಮಿಷ ಅವರ ಕಣ್ಣು ಸಾಹೇಬರ ಮೇಲೇ ಇತ್ತು. ಆಮೇಲೆ ಮಕ್ಕಳ ಮುಖ ನೋಡುತ್ತ ಎಲ್ಲ ಮರೆತರು. ಎಮ್ಮೆ ಹೇಗೆ ಕೂಗುತ್ತದೆ ಎಂದು ಕೇಳಿದ್ದೇ ತಡ, ಮೂವತ್ತೆರಡು ಎಮ್ಮೆಗಳು ಒಟ್ಟಿಗೆ ಕೂಗಿದವು. ಮಕ್ಕಳು ಒಬ್ಬೊಬ್ಬರೇ ಎದ್ದು ಬಂದು ಅಕ್ಷರದ ಮೇಲೆ ಬೆರಳಾಡಿಸಿ ಓದಿದರು.

"ಭೇಷ್!" ಎಂದರು ಸಾಹೇಬರು. "ಎಲ್ಲಿ, ಇದನ್ನ ಅಳಿಸಿ ಮುಂದಿನ ಪುಟ ತೋರಿಸಿ."

ಹೆಡ್ಮಿಸ್ ಕಣ್ಣು ಮುಚ್ಚಿಕೊಂಡರು. ಕಡತ ವಿಭಾಗದ ಕಿಟಕಿಯಿಲ್ಲದ ಗೋಡೆ ಮೇಷ್ಟ್ರ ಕಣ್ಣಮುಂದೆ ಬಂದು ನಿಂತಿತು. ಅದೇ ಕ್ಷಣಕ್ಕೆ ಕರೆಂಟ್ ಹೋಯಿತು.

ಫ್ಯಾನ್ ನಿಂತಿತು. ಡಬ್ಬಿಯ ಬೆಳಕು ಆರಿತು. ಬೋರ್ಡಿನ ಮೇಲಿನ ಪಾಠ ಮಾತ್ರ ಇದ್ದ ಹಾಗೇ ಇತ್ತು.

ಸಾಹೇಬರು ಬೆಂಚಿನಿಂದ ತಮ್ಮನ್ನು ತಾವು ಬಿಡಿಸಿಕೊಂಡು ಎದ್ದರು. ಡಬ್ಬಿಯ ಕಡೆ ನೋಡಿದರು. ಬೋರ್ಡಿನ ಕಡೆ ನೋಡಿದರು.

"ಕರೆಂಟ್ ಹೋಯ್ತಲ್ವಾ?"

"ಹೌದು ಸಾರ್."

"ಮತ್ತೆ ಇದು ಹೋಗಿಲ್ಲ!"

ಮೇಷ್ಟ್ರು ಬಾಯಿ ತೆರೆದರು. ಹೆಡ್ಮಿಸ್ ಅದಕ್ಕಿಂತ ಬೇಗ ತೆರೆದರು. "ಅದು ನಮ್ಮ ಮೇಷ್ಟ್ರು ಕಂಡುಹಿಡಿದ ವಿಧಾನ ಸಾರ್. ಬೇರೆ ಎಲ್ಲೂ ಇಲ್ಲ."

"ನೋಡಿ ಮೇಡಂ, ಇಪ್ಪತ್ತಾರು ಶಾಲೆಯಿಂದ ನನಗೆ ಒಂದೇ ದೂರು. ಕರೆಂಟಿಲ್ಲ ಸಾರ್, ಬೋರ್ಡ್ ಆರಿಹೋಯ್ತು ಸಾರ್. ಕೇಳಿ ಕೇಳಿ ತಲೆ ಚಿಟ್ಟುಹಿಡಿದುಹೋಗಿದೆ." ಸಾಹೇಬರು ಬೋರ್ಡಿನ ಕಡೆ ಕೈ ತೋರಿದರು. "ಇಲ್ಲಿ ನೋಡಿದ್ರೆ ಪಾಠ ಕಲ್ಲಲ್ಲಿ ಕೆತ್ತಿದ ಹಾಗೆ ನಿಂತಿದೆ!"

ಮುಂದಿನ ಸಾಲಿನಲ್ಲಿ, ಎಲ್ಲರೂ 'ಪಟಾಕಿ' ಎಂದು ಕರೆಯುವ ಹುಡುಗಿ ಎದ್ದು ನಿಂತಳು. "ಸಾರ್, ಅದು ಅಳಿಸೋಕೂ ಆಗಲ್ಲ ಸಾರ್! ನಾವು ಬಂದಾಗ ಎಲ್ಲರೂ ಉಜ್ಜಿ ಉಜ್ಜಿ ಸುಸ್ತಾಗಿದ್ರು. ಸೋಪು ಹಾಕಿದ್ರು, ಪೇಸ್ಟ್ ಹಾಕಿದ್ರು..."

"ಪರೀಕ್ಷೆ ಬೇರೆ ಮಾಡಿ ನೋಡಿದ್ದೀರಾ!" ಎಂದು ಸಾಹೇಬರು ತಮ್ಮ ಕರವಸ್ತ್ರ ತೆಗೆದು ಎಮ್ಮೆಯ ಹೊಟ್ಟೆಯನ್ನು ಶಕ್ತಿಯಿದ್ದಷ್ಟು ಉಜ್ಜಿದರು. ಕರವಸ್ತ್ರವನ್ನು ತಿರುಗಿಸಿ ನೋಡಿದರು. ಚೊಕ್ಕಟವಾಗಿತ್ತು. ಅವರ ಮುಖ ಅರಳಿತು.

"ಮೇಷ್ಟ್ರೇ, ಈಗ ನಿಮ್ಮ ಅನುಭವ ಹೇಳಿ."

ಮೇಷ್ಟ್ರು ಮಕ್ಕಳ ಕಡೆ ನೋಡಿದರು. ಸುಳ್ಳು ಹೇಳಬಾರದು ಎಂದು ಆ ಮೂವತ್ತೆರಡು ಜನಕ್ಕೆ ದಿನಾ ಹೇಳುವವರು ಅವರೇ. ಏನಾದರೂ ಆಗಲಿ ಎಂದು ಗಟ್ಟಿಮನಸ್ಸು ಮಾಡಿದರು.

"ಸಾರ್, ನಿಜ ಹೇಳಿಬಿಡ್ತೀನಿ. ನನಗೆ ತಂತ್ರಜ್ಞಾನ ಗೊತ್ತಿಲ್ಲ. ಇದು ಮಾಮೂಲಿ ಪೆನ್ನು, ಮಾಮೂಲಿ ಮಸಿ. ನಾನು ಬರೀತೀನಿ, ಮಕ್ಕಳು ಓದ್ತಾರೆ. ಮಗು ತಪ್ಪು ಮಾಡಿದಾಗ ಪಕ್ಕದಲ್ಲಿ ಕೂತು ಕೈ ಹಿಡಿದು ತಿದ್ದಿಸೋಕೆ ಯಾವ ಡಬ್ಬಿಗೂ ಬರಲ್ಲ. ನನಗೆ ಬರೋದು ಅಷ್ಟೇ."

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಕೇಳಿದ್ರಾ ಮೇಡಂ? ಎಂಥಾ ವಿನಯ! ಇಷ್ಟು ದೊಡ್ಡ ಕೆಲಸ ಮಾಡಿ, ಬರೀ ಪೆನ್ನು ಅಂತಾರೆ. ಏನೂ ಮಾಡದವರು ನನ್ನ ಮುಂದೆ ಎರಡು ಗಂಟೆ ಭಾಷಣ ಮಾಡ್ತಾರೆ."

"ಅಲ್ಲ ಸಾರ್, ನಿಜವಾಗ್ಲೂ ಅದು ಪೆನ್..."

"ಸಾಕು ಮೇಷ್ಟ್ರೇ, ಸಾಕು" ಎಂದು ಸಾಹೇಬರು ಅವರನ್ನು ತಬ್ಬಿಕೊಂಡೇಬಿಟ್ಟರು. ಮಕ್ಕಳು ಚಪ್ಪಾಳೆ ತಟ್ಟಿದರು. ಬಾಗಿಲಾಚೆ ಅಡಗಿದ್ದ ಡ್ರಿಲ್ ಮಾಸ್ಟರೂ ಧೈರ್ಯ ಮಾಡಿ ಬಂದು ತಟ್ಟಿದರು. ಮೇಷ್ಟ್ರಿಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ನಿಜವನ್ನೂ ಹೇಳಿದ್ದಾಯಿತು, ಕ್ಲಾಸೂ ಉಳಿಯಿತು. ಇನ್ನೆರಡು ವರ್ಷ ಈ ಕೋತಿಗಳ ಜೊತೆ ಹಾಯಾಗಿ ಕಳೆಯಬಹುದು ಎಂದುಕೊಂಡಾಗ ಅವರ ಕಣ್ಣೂ ಒದ್ದೆಯಾಯಿತು.

ಸಾಹೇಬರು ಅಲ್ಲೇ ಬೆಂಚಿನ ಮೇಲೆ ಕಾಗದವಿಟ್ಟು ಏನೋ ಬರೆದು ಸಹಿ ಹಾಕಿದರು.

"ಇಂಥವರನ್ನ ಎರಡನೇ ಕ್ಲಾಸಲ್ಲಿ ಕೊಳೆಯೋಕೆ ಬಿಟ್ಟಿದ್ದೀರಲ್ಲ ಮೇಡಂ! ಈ ಗಳಿಗೆಯಿಂದ ಮೇಷ್ಟ್ರು ಇಲಾಖೆಯಲ್ಲಿರ್ತಾರೆ. ಈ ವಿಧಾನದ ಬಗ್ಗೆ ಒಂದು ಕೈಪಿಡಿ ಬರೀಬೇಕು, ಎಲ್ಲ ಶಾಲೆಗೂ ಕಳಿಸೋಣ. ನಿವೃತ್ತಿ ತನಕ ಅದೇ ಕೆಲಸ."

ಮೇಷ್ಟ್ರು ಬೆಂಚುಗಳ ಕಡೆ ಕೈ ತೋರಿಸಿದರು. "ಸಾರ್, ಮಕ್ಕಳು..."

"ನಿಮಗೆ ಯಾವ ತೊಂದರೆಯೂ ಇರಲ್ಲ. ಒಂದು ಮಗುವೂ ಆ ಕಡೆ ಸುಳಿಯಲ್ಲ. ಕೂರೋಕೆ ಜಾಗ ಮಾತ್ರ ಸ್ವಲ್ಪ ಇಕ್ಕಟ್ಟು, ಸದ್ಯಕ್ಕೆ ಕಡತ ವಿಭಾಗದಲ್ಲೇ ಒಂದು ಕುರ್ಚಿ ಖಾಲಿ ಇದೆ."

ಮೇಷ್ಟ್ರು ಹೆಡ್ಮಿಸ್ ಮುಖ ನೋಡಿದರು. ಹೆಡ್ಮಿಸ್ ನೆಲ ನೋಡಿದರು.

ಸಾಹೇಬರ ಆಜ್ಞೆಯಂತೆ ಡ್ರೈವರು ಮತ್ತು ಡ್ರಿಲ್ ಮಾಸ್ಟರು ಬೋರ್ಡನ್ನು ಗೋಡೆಯಿಂದ ಬಿಚ್ಚಿದರು. ಅದನ್ನೂ ಇಲಾಖೆಯಲ್ಲಿ ಎಲ್ಲರಿಗೂ ತೋರಿಸಬೇಕಿತ್ತು. ಗೋಡೆಯ ಮೇಲೆ ಕರಿಹಲಗೆ ಉಳಿಯಿತು, ಬೆಂಚುಗಳ ಮೇಲೆ ಮಕ್ಕಳು ಉಳಿದರು. ಮೇಷ್ಟ್ರು ಜೀಪಿನ ಹಿಂದಿನ ಸೀಟಿನಲ್ಲಿ ಎಮ್ಮೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಹುಷಾರು ಮೇಷ್ಟ್ರೇ" ಎಂದರು ಮುಂದೆ ಕೂತಿದ್ದ ಸಾಹೇಬರು. "ಕುಲುಕಾಟದಲ್ಲಿ ಎಲ್ಲಾದ್ರೂ ಅಕ್ಷರ ಅಳಿಸಿಹೋದೀತು."

"ಆ ಯೋಚ್ನೆ ಬೇಡ ಸಾರ್" ಎಂದರು ಮೇಷ್ಟ್ರು, ಕಿಟಕಿಗಳಿಗೆ ಅಂಟಿಕೊಂಡಿದ್ದ ಮೂವತ್ತೆರಡು ಮುಖಗಳನ್ನು ನೋಡುತ್ತ. "ಏನು ಮಾಡಿದ್ರೂ ಅಳಿಸಲ್ಲ."