ಬಾಗುವ ಮೊಹರುಗಳು

ಜಪಾನಿನ ಮಿನೋಸೆ ಪುರಸಭೆಯ ನೀರು ಸರಬರಾಜು ವಿಭಾಗದಲ್ಲಿ, ಕೆಲಸವನ್ನು ಸರಳಗೊಳಿಸುವ ಸಣ್ಣ ಬದಲಾವಣೆಯೊಂದನ್ನು ಪ್ರತಿಯೊಬ್ಬ ನೌಕರರೂ ತಿಂಗಳಿಗೊಮ್ಮೆ ಸೂಚಿಸತಕ್ಕದ್ದು. ಬದಲಾಯಿಸಲು ಏನೂ ಉಳಿದಿಲ್ಲವಾದರೆ, ಉಳಿದಿಲ್ಲವೆಂದು ನಮೂನೆ ನಾಲ್ಕರಲ್ಲಿ ತಿಳಿಸತಕ್ಕದ್ದು. ನಮೂನೆ ನಾಲ್ಕನ್ನು ಇದುವರೆಗೆ ಯಾರೂ ಮುಟ್ಟಿರಲಿಲ್ಲ.

ಗುಮಾಸ್ತೆ ಶಿಹೋಗೆ ಬೇಕಾಗಿದ್ದದ್ದು ಒಂದೇ: ಸಂಜೆ ಐದೂಕಾಲರ ಪುರಸಭೆ ಬಸ್ಸು. ಅದನ್ನು ಓಡಿಸುತ್ತಿದ್ದವನು ತೊಕುನಾಗಾ. ಎರಡು ವರ್ಷದಲ್ಲಿ ಮೂರೇ ಸಲ ಆ ಬಸ್ಸು ಅವಳಿಗೆ ಸಿಕ್ಕಿತ್ತು. ಮೂರು ಸಲವೂ ಇಳಿಯುವಾಗ "ಥ್ಯಾಂಕ್ಸ್" ಅಂದಿದ್ದಳು. ಕೊನೆಯ ಸಲ ಅವನು ನಕ್ಕಿದ್ದ.

ಬಸ್ಸು ತಪ್ಪಿಸುತ್ತಿದ್ದದ್ದು ಮೊಹರು. ಪ್ರತಿ ಕಾಗದಕ್ಕೂ ಸಹಿಯ ಬದಲು ಏಳು ಜನರ ಹೆಸರಿನ ಮೊಹರು ಬೀಳಬೇಕು. ಮುಖ್ಯಸ್ಥರದು ಎಡತುದಿಯಲ್ಲಿ ನೆಟ್ಟಗೆ. ಉಳಿದವು ಅದರ ಕಡೆಗೆ ನಮಸ್ಕರಿಸುವಂತೆ ವಾಲಿರಬೇಕು. ವಾಲಿದ್ದು ಸಾಲದಿದ್ದರೆ ಕಾಗದ ಮೊದಲಿನಿಂದ.

ಶಿಹೋ ಒಂದೇ ಸಾಲು ಬರೆದಳು: "ಎಲ್ಲರೂ ಮೊಹರನ್ನು ನೆಟ್ಟಗೆ ಒತ್ತೋಣ."

ಮುಖ್ಯಸ್ಥ ಕುಮಗಾಯಿ ಕನ್ನಡಕ ತೆಗೆದರು. "ಅಂದ್ರೆ ನಿನ್ನ ಮೊಹರು ನನ್ನೆದುರಿಗೆ ಎದೆ ಸೆಟೆದು ನಿಲ್ಲುತ್ತಾ?"

"ಮೊಹರು ಮಾತ್ರ ಸಾಹೇಬ್ರೇ. ನಾನು ಬಗ್ಗೇ ಇರ್ತೀನಿ."

ಸೂಚನೆಯನ್ನು ಅತ್ಯಂತ ಹರ್ಷದಿಂದ, ಅಲ್ಪ ತಿದ್ದುಪಡಿಯೊಂದಿಗೆ ಅಂಗೀಕರಿಸಲಾಯಿತು. ಯಾರೆಷ್ಟು ವಾಲಬೇಕೆಂಬ ಗೊಂದಲ ಇನ್ನಿಲ್ಲ: ಉಪಮುಖ್ಯಸ್ಥರು ಹತ್ತು ಡಿಗ್ರಿ, ಶಿಹೋ ನಲವತ್ತು. ಪ್ರತಿ ಮೇಜಿಗೂ ಒಂದು ಕೋನಮಾಪಕ ಬಂತು. ಅಳತೆ ಸರಿಯಿದೆಯೆಂದು ದೃಢೀಕರಿಸಲು ಎಂಟನೆಯ ಮೊಹರೂ ಬಂತು. ಶಿಹೋಳ ಸೂಚನೆಗೆ ಗೌರವವಾಗಿ ಅದನ್ನು ನೆಟ್ಟಗೆ ಒತ್ತಲಾಗುತ್ತಿತ್ತು.

ಈಗ ಕೆಲಸ ಮುಗಿಯುವಾಗ ಆರೂವರೆ. ಕಿಟಕಿಯಾಚೆ ಬಸ್ಸು ಹೊರಡುವುದನ್ನು ದಿನವೂ ನೋಡಿ ರೋಸಿಹೋಗಿ ಶಿಹೋ ಮುಂದಿನ ತಿಂಗಳು ಬರೆದಳು: "ಹಾಗಾದರೆ ಬಸ್ಸೇ ಕಾಯಲಿ."

"ಇದಪ್ಪಾ ಸಣ್ಣ ಬದಲಾವಣೆ ಅಂದ್ರೆ!" ಕುಮಗಾಯಿ ಮೇಜು ಕುಟ್ಟಿದರು. "ಕಚೇರಿಯಲ್ಲಿ ಒಂದು ಪಿನ್ನೂ ಅಲ್ಲಾಡಲ್ಲ!"

ಐದೂಕಾಲರ ಬಸ್ಸು, ಹೆಸರು ಬದಲಾಗದೆ, ಆರೂವರೆಗೆ ಹೊರಡತೊಡಗಿತು. ಪ್ರಯಾಣಿಕರು ಒಳಗೇ ಕಿತ್ತಳೆ ಸುಲಿದುಕೊಂಡು ಕೂತರು. "ಮೊದ್ಲು ಈ ಬಸ್ಸು ಸುಮ್ನೆ ಓಡ್ತಾನೇ ಇತ್ತು, ಒಂದು ಸ್ವೆಟರ್ ಹೆಣೆಯೋಕೆ ಆಗ್ತಿತ್ತಾ?" ಅಂದಳು ಮುಂದಿನ ಸೀಟಿನ ಅಜ್ಜಿ.

ತಡವಾದದ್ದರ ಕಾಗದಕ್ಕೆ ಚಾಲಕನು ದಿನವೂ ಮೇಲೆ ಬಂದು, ಶಿಹೋಳ ಮೊಹರಿನ ಪಕ್ಕ ತನ್ನದನ್ನೂ ಒತ್ತಬೇಕು.

"ನನ್ನದು ಎಷ್ಟು ಡಿಗ್ರಿ?" ತೊಕುನಾಗಾ ಕೇಳಿದ.

"ನಿಯಮದಲ್ಲಿ ಬಸ್ಸಿನೋರ ಸುದ್ದಿನೇ ಇಲ್ಲ," ಅಂದಳು ಶಿಹೋ, ಕಾಗದ ನೋಡುತ್ತಲೇ. "ನಿಮ್ಮಿಷ್ಟ."

ಅವನು ಅವಳ ಮೊಹರಿನ ಕಡೆಗೆ ವಾಲಿಸಿ ಒತ್ತಿದ. ಅವಳದು ಆಗಲೇ ಅವನ ಕಡೆಗೆ ವಾಲಿತ್ತು. ಕೆಂಪಗಿನ ಎರಡೂ ತಲೆಗೆ ತಲೆ ತಾಗಿಸಿಕೊಂಡು ಕೂತವು.

ಕುಮಗಾಯಿ ಕೋನಮಾಪಕ ಇಟ್ಟು ನೋಡಿದರು. "ಇಬ್ಬರೂ ನಲವತ್ತು! ಇದರಲ್ಲಿ ದೊಡ್ಡೋರು ಯಾರಮ್ಮಾ?"

"ಇನ್ನೂ ತೀರ್ಮಾನ ಆಗಿಲ್ಲ ಸಾಹೇಬ್ರೇ."

ತೀರ್ಮಾನವಾಗುವವರೆಗೆ ಇಬ್ಬರೂ ದಿನವೂ ಒಟ್ಟಿಗೆ ಕೂತು ಚಹಾದೊಂದಿಗೆ ಚರ್ಚಿಸತಕ್ಕದ್ದೆಂದು ಸುತ್ತೋಲೆ ಹೊರಟಿತು. ಬಸ್ಸಿಗೆ ಇನ್ನರ್ಧ ಗಂಟೆ ಸೇರಿತು. ಪ್ರಯಾಣಿಕರೆಲ್ಲ ಒಪ್ಪಿಗೆಯ ಮೊಹರು ಒತ್ತಿದರು. ಅಜ್ಜಿಯದು ಎಂಬತ್ತು ಡಿಗ್ರಿ ವಾಲಿ ಹೆಚ್ಚುಕಮ್ಮಿ ಮಲಗಿಯೇ ಇತ್ತು.

ಆ ತಿಂಗಳ ಕೊನೆಗೆ ಶಿಹೋ ಬೀರುವಿನ ತಳದಿಂದ ನಮೂನೆ ನಾಲ್ಕನ್ನು ಹುಡುಕಿ ತೆಗೆದು, ಧೂಳು ಕೊಡವಿ, ಅಂದವಾಗಿ ತುಂಬಿದಳು: ಬದಲಾಯಿಸಲು ಏನೂ ಉಳಿದಿಲ್ಲ.