ಹಸಿರು ಬಟ್ಟೆಯ ಮೇಲೆ ಸೈಕಲ್ಲು

"ಅಮ್ಮಾ, ಅಜ್ಜಿ ಸೈಕಲ್ಲಿಗೆ ಆಪರೇಷನ್ ಮಾಡ್ತಿದಾರಲ್ಲ, ಅದು ಬದುಕತ್ತಾ?"

ಬೆಳಿಗ್ಗೆ ಎದ್ದು ಹಲ್ಲೂ ಉಜ್ಜದೆ ನನ್ನ ಮಗಳು ಕೇಳಿದ ಪ್ರಶ್ನೆ ಇದು. ಹಾಲಿನ ಪಾತ್ರೆ ಹಿಡಿದುಕೊಂಡೇ ಹಜಾರಕ್ಕೆ ಬಂದು ನೋಡಿದೆ. ತಪ್ಪು ಮಗುವಿನದಲ್ಲ. ನೆಲದ ತುಂಬ ಹಸಿರು ಬಟ್ಟೆ ಹಾಸಿದೆ. ಅದರ ಮೇಲೆ ಸೈಕಲ್ಲು ಚಕ್ರ ಮೇಲೆ ಮಾಡಿಕೊಂಡು ಅಂಗಾತ ಬಿದ್ದಿದೆ. ಕಳಚಿದ ಚೈನು ಪಕ್ಕದ ತಟ್ಟೆಯಲ್ಲಿ ಸುರುಳಿ ಸುತ್ತಿ ಮಲಗಿದೆ, ಥೇಟ್ ಹೊರಗೆ ತೆಗೆದಿಟ್ಟ ಕರುಳಿನ ಹಾಗೆ. ನನ್ನ ಅತ್ತೆ ಕೈಗವಸು ತೊಟ್ಟು, ಹಣೆಗೆ ದೀಪ ಕಟ್ಟಿಕೊಂಡು ರೋಗಿಯ ಮೇಲೆ ಬಗ್ಗಿದ್ದಾರೆ.

"ಬದುಕತ್ತೆ ಪುಟ್ಟಾ," ಅಂದರು ತಲೆ ಎತ್ತದೆ. "ಸೈಕಲ್ಲು ಬದುಕೇ ಬದುಕತ್ತೆ. ನಿಮ್ಮಮ್ಮನಿಗೆ ಅನುಮಾನ ಇರೋದು ಅದರ ಮೇಲಲ್ಲ."

ಹೀಗೆ ಶುರುವಾಯಿತು ನಮ್ಮ ದಿನ. ನಮ್ಮ ದಿನಗಳೆಲ್ಲ ಈಚೆಗೆ ಹೀಗೇ.

ಅತ್ತೆ ನಿವೃತ್ತ ನರ್ಸು. ವಾರ್ಡಿನ ನರ್ಸಲ್ಲ, ಆಪರೇಷನ್ ಥಿಯೇಟರಿನ ನರ್ಸು. ಕತ್ತರಿ, ಚಿಮುಟ, ಹತ್ತಿ, ಸೂಜಿ ಎಲ್ಲವನ್ನೂ ಎಣಿಸಿ ಕೊಟ್ಟು, ಎಣಿಸಿ ವಾಪಸ್ ತೆಗೆದುಕೊಂಡು ಆಯುಷ್ಯ ಕಳೆದವರು. ಎಣಿಕೆ ತಾಳೆಯಾಗದೆ ಯಾರ ಹೊಟ್ಟೆಯನ್ನೂ ಹೊಲಿಯಲು ಬಿಟ್ಟವರಲ್ಲ. ಘಟಾನುಘಟಿ ಸರ್ಜನ್ನುಗಳು ಸೂಜಿ ಹಿಡಿದು ಇವರ ಮುಖ ನೋಡುತ್ತ ನಿಂತಿರುತ್ತಿದ್ದರಂತೆ (ಹೇಳಿದ್ದು ಅತ್ತೆಯೇ, ಸರ್ಜನ್ನುಗಳಲ್ಲ). ಆಸ್ಪತ್ರೆಗೆ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದವರು ಕೆಲಸ ಬಿಟ್ಟ ಮೇಲೆ ಸುಮ್ಮನೆ ಕೂರಲಾರದೆ ಬೆಟ್ಟ ಹತ್ತುವ ಸೈಕಲ್ಲು ಕೊಂಡರು. ಮೊದಲು ಊರಾಚೆಯ ಗುಡ್ಡ ಹತ್ತಿದರು. ಆಮೇಲೆ ಅದರಾಚೆಯದ್ದು. ಈಗ ಹಟ ಹಿಡಿದಿರುವುದು ಬೆಟ್ಟಗಳ ಇಡೀ ಸಾಲನ್ನು ದಾಟುವ, ದಿನಗಟ್ಟಲೆ ಸಾಗುವ ರೇಸಿಗೆ. ಆ ರೇಸಿನಲ್ಲಿ ಹೊರಗಿನವರು ಯಾರೂ ಸಹಾಯ ಮಾಡುವ ಹಾಗಿಲ್ಲ. ತಿನ್ನೋದು, ಹೊದೆಯೋದು, ರಿಪೇರಿ ಸಾಮಾನು ಎಲ್ಲ ಸೈಕಲ್ಲಿಗೆ ಕಟ್ಟಿಕೊಂಡೇ ಹೋಗಬೇಕು. ಕಟ್ಟಿಕೊಳ್ಳದ್ದು ಲೋಕದಲ್ಲೇ ಇಲ್ಲ ಅಂದುಕೊಳ್ಳಬೇಕು.

ಇಷ್ಟೇ ಆಗಿದ್ದರೆ ನಾನೇ ಗೇಟಿನ ತನಕ ಹೋಗಿ ಟಾಟಾ ಮಾಡಿ ಬರುತ್ತಿದ್ದೆ. ಆದರೆ ಅತ್ತೆಯ ಹೊಟ್ಟೆಯಲ್ಲೊಂದು ಗಡ್ಡೆ ಇದೆ. ಸ್ಕ್ಯಾನಿನಲ್ಲಿ ಕಂಡಿದ್ದು. ಎಂಥದ್ದು ಅಂತ ತೆರೆದು ನೋಡಿದ ಮೇಲೇ ಗೊತ್ತಾಗೋದು, ತಡ ಮಾಡಬೇಡಿ ಅಂದಿದ್ದರು ಡಾಕ್ಟರು. ಅವರು ಕೊಟ್ಟ ತಾರೀಖನ್ನು ಅತ್ತೆ 'ರೇಸಿದೆ' ಅಂತ ಮುಂದಕ್ಕೆ ಹಾಕಿಸಿ ಬಂದರು, ಟೈಲರಿಗೆ ಬಟ್ಟೆ ನಿಧಾನಕ್ಕೆ ಕೊಡಪ್ಪಾ ಅಂದಷ್ಟು ಸಲೀಸಾಗಿ.

"ಅತ್ತೆ, ಮೊದಲು ಆಪರೇಷನ್, ಆಮೇಲೆ ರೇಸು."

"ಗಡ್ಡೆ ಎಲ್ಲಿಗೂ ಓಡಿಹೋಗಲ್ಲ ಕಣೇ. ರೇಸು ಹೋಗತ್ತೆ."

"ಗಡ್ಡೆ ಓಡಲ್ಲ, ಬೆಳೆಯತ್ತೆ."

"ಬೆಳೀಲಿ. ನಿನ್ನ ಮಗಳೂ ಬೆಳೀತಿದಾಳೆ, ನಾನೇನಾದ್ರೂ ಅಂದ್ನಾ?"

ನನ್ನವರ ಕಡೆ ನೋಡಿದೆ. ಅವರು ಬ್ರೆಡ್ಡಿನ ವ್ಯಾನ್ ಓಡಿಸುತ್ತಾರೆ, ಬೆಳಕು ಹರಿಯುವಾಗಲೇ ಹೊರಟು ಮಧ್ಯಾಹ್ನಕ್ಕೆ ಬಂದು ಮಲಗುತ್ತಾರೆ. ಮನೆಯ ಜಗಳಗಳ ಹೊತ್ತಿಗೆ ಸರಿಯಾಗಿ ನಿದ್ದೆ ಬರುವ ದಿವ್ಯ ಶರೀರ ಅದು. "ಅಮ್ಮ ಹೇಳೋದೂ ಸರಿ, ನೀನು ಹೇಳೋದೂ ಸರಿ," ಅಂದು ಮಗ್ಗುಲು ಬದಲಿಸಿದರು. ಗಂಡಸರಿಗೆ ಭಯವಾದರೆ ಆಕಳಿಕೆ ಬರುತ್ತದೆ ಅಂತ ನನಗೆ ಮದುವೆಯಾದ ಮೇಲೇ ಗೊತ್ತಾಗಿದ್ದು.

ಮುಂದಿನದು ಸಾಮಗ್ರಿ ಆಯ್ಕೆಯ ಮಹಾಪರ್ವ. ನನ್ನ ಅಡುಗೆಮನೆಯ ತಕ್ಕಡಿ ಹಜಾರಕ್ಕೆ ವರ್ಗವಾಯಿತು. ಹಿಟ್ಟು ತೂಗುತ್ತಿದ್ದ ತಟ್ಟೆಯಲ್ಲಿ ಟಯರು, ಟ್ಯೂಬು, ಸೀಟು. ದಪ್ಪ ಟಯರು ಕಲ್ಲಿನ ಮೇಲೆ ಹಿಡಿತ ಕೊಡುತ್ತದೆ, ಆದರೆ ಭಾರ. ಸಪೂರದ್ದು ಹಗುರ, ಆದರೆ ಜಾರುತ್ತದೆ. ಸುಖವಾಗಿ ಮಲಗುವ ಚೀಲ ಬೇಕೋ, ಚಾಕಲೇಟ್ ಕಾಗದದಂತೆ ಹೊಳೆಯುವ ತೆಳ್ಳನೆಯ ಹೊದಿಕೆ ಸಾಕೋ? ಅದನ್ನು ಮಗಳಿಗೆ ಸುತ್ತಿ ನೋಡಿದರು. ಅವಳು ಅದರೊಳಗೇ ನಿದ್ದೆ ಹೋದಳು. "ನೋಡು, ಬೆಚ್ಚಗಿರತ್ತೆ," ಅಂತ ಅದನ್ನೇ ಆರಿಸಿದರು. ಜಾಕೆಟ್ಟಿನ ಕಾಲರಿನ ಚೀಟಿ ಕತ್ತರಿಸಿದರು. ಚಮಚದ ಹಿಡಿ ಕೊಯ್ದರು. ಟೂತ್‌ಬ್ರಷ್ಷಿನದ್ದೂ ಕೊಯ್ದು, ಉಳಿದ ಗಿಡ್ಡ ತಲೆಯನ್ನು ಎರಡು ಬೆರಳಲ್ಲಿ ಹಿಡಿದು ಹಲ್ಲುಜ್ಜುವ ಅಭ್ಯಾಸಕ್ಕೆ ನಿಂತರು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ಚೂರುಪಾರು ತೂಕ ಉಳಿಸೋಕೆ ಬ್ರಷ್ಷು ಕೊಯ್ತೀರಿ. ಹೊಟ್ಟೇಲಿರೋದನ್ನ ತೆಗೆಸಿದ್ರೆ ಎಷ್ಟು ಹಗುರಾಗ್ತೀರಿ ಯೋಚನೆ ಮಾಡಿ!"

ಅತ್ತೆ ನೊರೆ ಉಗುಳಿ ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ಅದೊಂದನ್ನ ಮಾತ್ರ ನಾನು ಆರಿಸಿದ್ದಲ್ಲ," ಅಂದರು.

ಆ ಮಾತು ದಿನಾ ಬರೆಯುವ ನನ್ನ ಡೈರಿಯಲ್ಲಿ ಬರೆದುಕೊಂಡು, ಪುಟ ತಿರುಗಿಸಿ, ಇವರನ್ನು ತಡೆಯುವುದು ಹೇಗೆ ಅಂತ ಯೋಚಿಸುತ್ತ ಕೂತೆ.

ಉಪಾಯ ಅತ್ತೆಯೇ ಒದಗಿಸಿದರು. ಚೀಲ ತುಂಬುವಾಗ ಥಿಯೇಟರಿನ ಕ್ರಮವೇ ಆಗಬೇಕು ಅಂದರು. ಒಬ್ಬರು ಹೆಸರು ಕೂಗಬೇಕು. ಇನ್ನೊಬ್ಬರು ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ, 'ಇದೆ' ಅನ್ನಬೇಕು. ಕೂಗಿದವರು ತಿರುಗಿ ನೋಡಬಾರದು. ತಾನೇ ಇಟ್ಟದ್ದು ಅಂದ ಮೇಲೆ ಕಣ್ಣಿಗೆ ಇಲ್ಲದ್ದೂ ಕಾಣಿಸುತ್ತದಂತೆ. ಒಂದು ಕಡಿಮೆ ಬಂದರೂ ಚೀಲ ಮುಚ್ಚುವ ಹಾಗಿಲ್ಲ, ಎಲ್ಲ ಹೊರಗೆ ಸುರಿದು ಮೊದಲಿಂದ. ಆ ಇನ್ನೊಬ್ಬರು ಯಾರು? ಕನ್ನಡಕದ ಅಂಗಡಿಯಲ್ಲಿ ಅರ್ಧ ದಿನ ಊರವರ ಕಣ್ಣು ಪರೀಕ್ಷಿಸಿ, ಉಳಿದರ್ಧ ದಿನ ಮನೆಯವರ ಕಣ್ಣಿಗೇ ಬೀಳದ ನಾನು.

"ಪಂಪು."

"ಇದೆ."

"ಸೀಟಿ."

"ಇದೆ."

"ಚೈನಿನ ಕೊಂಡಿ."

ಕೊಂಡಿ ಅಂದರೆ ಚೈನು ತುಂಡಾದಾಗ ಎರಡು ತುದಿ ಸೇರಿಸುವ ಪುಟಾಣಿ ಸಾಮಾನು, ಮಗಳ ಹಾಲುಹಲ್ಲಿನಷ್ಟು. ಅದು ನನ್ನ ಮುಷ್ಟಿಯೊಳಗಿತ್ತು.

"ಇಲ್ಲ ಅತ್ತೆ."

ಆಹಾ! ಚಕ್ರವರ್ತಿಗಳು ಕೋಟೆ ಹಿಡಿದಾಗ ಹೀಗೇ ಅನ್ನಿಸಿರಬೇಕು. ಚೀಲ ಬಿಚ್ಚಿದರು. ಕೊಡವಿದರು. ಹಣೆಯ ದೀಪ ಹಚ್ಚಿ ಸೋಫಾದ ಸಂದಿಗೆಲ್ಲ ಕೈ ಹಾಕಿದರು. ಸೋಫಾದ ಹೊಟ್ಟೆಯಿಂದ ಬಾಚಣಿಗೆ, ಬಳಪ, ನನ್ನವರು ಕಳೆದುಕೊಂಡು ನನ್ನ ಮೇಲೆ ಹಾಕಿದ್ದ ಬೀಗದ ಕೈ, ಎಲ್ಲ ಹೆರಿಗೆಯಾದವು. ಕೊಂಡಿ ಮಾತ್ರ ಇಲ್ಲ. ಅದು ಅಷ್ಟರಲ್ಲಿ ನನ್ನ ಅಂಗಿ ಗುಂಡಿಗಳ ಡಬ್ಬಿಯಲ್ಲಿತ್ತು. ಮರುದಿನ ಅತ್ತೆ ಹೊಸತು ತಂದರು. ಅದೂ ಡಬ್ಬಿ ಸೇರಿತು. ಇನ್ನೊಂದು ತಂದರು. ಸೈಕಲ್ ಅಂಗಡಿಯವನು "ಏನಮ್ಮಾ, ಮನೇಲಿ ಕೊಂಡಿ ತಿಂತೀರಾ?" ಅಂತ ಕೇಳಿದನಂತೆ. ನಾನು ಪಾಪದ ಮುಖ ಮಾಡಿದೆ. ಹೀಗೇ ದಿನ ದೂಡಿದರೆ ಒಂದು ದಿನ ರೇಸು ಇವರನ್ನು ಬಿಟ್ಟು ಹೊರಟುಹೋಗುತ್ತದೆ, ಆಮೇಲೆ ನೆಟ್ಟಗೆ ಆಸ್ಪತ್ರೆ. ಎಷ್ಟು ಚೆಂದದ ಷಡ್ಯಂತ್ರ! ಇದರಲ್ಲಿ ಒಂದೇ ತೊಡಕು. ಷಡ್ಯಂತ್ರ ಮಾಡುವವರ ಮನೆಯಲ್ಲಿ ಮಗು ಇರಬಾರದು.

ಮೊನ್ನೆ ಭಾನುವಾರ ಅತ್ತೆ ಪೂರ್ತಿ ಸಾಮಾನು ಹೇರಿಕೊಂಡು ಊರಾಚೆಯ ಗುಡ್ಡಕ್ಕೆ ಪ್ರಯೋಗಕ್ಕೆ ಹೋಗಿಬರುತ್ತೇನೆ ಅಂದರು. ಎಣಿಕೆಗೆ ಕೂತೆವು. ಕೊಂಡಿ ಎಂದಿನಂತೆ ಡಬ್ಬಿಯಲ್ಲಿ. ಅರ್ಧಕ್ಕೆ ಬರುವಾಗ ಮಗಳು ಕಿಟಾರನೆ ಕಿರುಚಿದಳು. ಓಡಿದೆ. ಬಚ್ಚಲಲ್ಲಿ ಜಾರಿ ಬಿದ್ದು ತುಟಿ ಒಡೆದುಕೊಂಡು ರಕ್ತ. ಒಂದು ಕೈಯಲ್ಲಿ ಅವಳ ಗಲ್ಲ, ಇನ್ನೊಂದರಲ್ಲಿ ಒದ್ದೆ ಬಟ್ಟೆ, ಕಿವಿಯ ತುಂಬ ಅವಳ ಅಳು. ಹಜಾರದಿಂದ ಅತ್ತೆ ಏನೇನೋ ಕೂಗುತ್ತಿದ್ದರು, ಉಳಿದದ್ದನ್ನೂ ಮುಟ್ಟಿ ನೋಡಿದೀಯಾ ಅಂತ. ಒಲೆಯ ಮೇಲೆ ಹಾಲು ಉಕ್ಕುವಾಗ 'ಬಂದೆ ಬಂದೆ' ಅನ್ನುತ್ತೇವಲ್ಲ, ಹಾಗೆ ನಾನು ಬಚ್ಚಲಿನಿಂದಲೇ, "ಇದೆ ಅತ್ತೆ, ಇದೆ, ಎಲ್ಲಾ ಇದೆ!" ಅಂದೆ.

ಅತ್ತೆ ಬಂದು ಮಗುವಿನ ತುಟಿ ನೋಡಿ, "ಹೊಲಿಗೆ ಬೇಡ, ಐಸ್ ಇಡು," ಅಂದು ಹೊರಟರು. ಗೇಟಿನ ಸದ್ದು ಕೇಳಿದ ಮೇಲೆ ನನಗೆ ನಾನು ಹೇಳಿದ್ದು ಕೇಳಿಸಿತು.

ಫೋನ್ ಮಾಡಿದೆ. ಗುಡ್ಡದಲ್ಲಿ ಸಿಗ್ನಲ್ ಇಲ್ಲ. ಚೈನು ಇವತ್ತೇ ಯಾಕೆ ತುಂಡಾಗುತ್ತದೆ, ಇಷ್ಟು ದಿನ ತುಂಡಾಗದ್ದು, ಅಂತ ಸಮಾಧಾನ ಮಾಡಿಕೊಂಡೆ. ಮಧ್ಯಾಹ್ನ ಮಳೆ ಹಿಡಿಯಿತು. ಮಗಳು ತುಟಿಗೆ ಐಸ್ ಒತ್ತಿಕೊಂಡು ಕಿಟಕಿಯಲ್ಲಿ ಕೂತಳು. ನಾನು ತಕ್ಕಡಿ ಒರೆಸಿದೆ, ಹಸಿರು ಬಟ್ಟೆ ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ಕೊನೆಗೆ ಫೋನ್ ಬಂತು, ಅತ್ತೆಯದಲ್ಲ, ಗುಡ್ಡದ ಬುಡದಲ್ಲಿ ಲಾರಿ ನಿಲ್ಲಿಸಿದ್ದ ಒಬ್ಬರದು. "ಒಬ್ರು ಅಜ್ಜಿ ಸೈಕಲ್ ತಳ್ಕೊಂಡು ಬಂದ್ರು. ನಡುಗ್ತಿದಾರೆ. ಹೊಟ್ಟೆ ಹಿಡ್ಕೊಂಡಿದಾರೆ."

ನನ್ನವರನ್ನು ಎಬ್ಬಿಸಿದೆ. ಈ ಸಲ ಆಕಳಿಸಲಿಲ್ಲ. ಚಪ್ಪಲಿಯೂ ಇಲ್ಲದೆ ವ್ಯಾನ್ ಹತ್ತಿದರು.

ಖಾಲಿ ಬ್ರೆಡ್ ಟ್ರೇಗಳ ಮಧ್ಯೆ ಮಲಗಿಸಿ ಕರೆತಂದರು. ತುಟಿ ನೀಲಿ, ಮೊಣಕಾಲು ತರಚಿದೆ, ಮೈಯೆಲ್ಲ ಬೇಕರಿಯ ವಾಸನೆ. ಎತ್ತಿ ಮಂಚಕ್ಕೆ ಹಾಕುವಾಗ ಅತ್ತೆ ಇಷ್ಟು ಹಗುರ ಯಾವಾಗ ಆದರು ಅಂತ ನಾವಿಬ್ಬರೂ ಮುಖ ನೋಡಿಕೊಂಡೆವು. ತಕ್ಕಡಿಯಲ್ಲಿ ಮನೆಯ ಚಮಚಗಳನ್ನೆಲ್ಲ ತೂಗಿದ್ದೆವು, ಇವರನ್ನು ತೂಗಿರಲಿಲ್ಲ.

ಬಿಸಿನೀರಿನ ಚೀಲ ಕಾಲಿಗಿಟ್ಟು, ಕಂಬಳಿ ಹೊದಿಸಿ, ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿದರು. "ಕೊಂಡಿ ಎಲ್ಲಿ?"

ಊದಿದ ತುಟಿಯ ಮಗಳು ಮಂಚ ಹತ್ತಿ ಸಂಭ್ರಮದಿಂದ, "ಅಮ್ಮನ ಗುಂಡಿ ಡಬ್ಬೀಲಿದೆ ಅಜ್ಜಿ! ತುಂಬಾ ಇದೆ! ನಾನು ಅದ್ರಲ್ಲಿ ಗೊಂಬೆಗೆ ಸರ ಮಾಡ್ದೆ!" ಅಂದಳು. ಸಾಕ್ಷಿಗೆ ಗೊಂಬೆಯನ್ನೂ ತಂದಳು. ಅತ್ತೆ ಅದರ ಕುತ್ತಿಗೆಯಲ್ಲಿದ್ದ ಸರವನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನವರು ಬಾಗಿಲಲ್ಲಿ ನಿಂತಿದ್ದರು. ಅಮ್ಮನದೂ ಸರಿ ನಿನ್ನದೂ ಸರಿ ಅನ್ನಲಿಲ್ಲ. ಅಂದಿದ್ದರೂ ಚೆನ್ನಾಗಿತ್ತು.

"ಟೀ ಮಾಡ್ಕೊಂಡು ಬಾ ಹೋಗಪ್ಪಾ, ಮಗೂನೂ ಕರ್ಕೊಂಡು ಹೋಗು," ಅಂತ ಮಗನನ್ನು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಬಚ್ಚಿಟ್ಟಿದ್ದಕ್ಕೆ ನಂಗೆ ಕೋಪ ಇಲ್ಲ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಚಕ್ರಾನೇ ಬಚ್ಚಿಡ್ತಿದ್ದೆ. ಇಲ್ಲದ್ದನ್ನ ಇದೆ ಅಂದ್ಯಲ್ಲೇ. ಅದಕ್ಕೆ."

"ಮಗು ಬಿದ್ದಿತ್ತು ಅತ್ತೆ..."

"ಗೊತ್ತು. ಥಿಯೇಟರಲ್ಲೂ ಹೀಗೇ. ಸುಳ್ಳು ಹೇಳೋರು ಯಾರೂ ಇಲ್ಲ, ಎಲ್ರಿಗೂ ಎಲ್ಲೋ ಒಂದು ಮಗು ಬಿದ್ದಿರತ್ತೆ."

ನಾನು ಅಳತೊಡಗಿದೆ. ಅತ್ತೆ ಗದರಿದರು. "ಅಳ್ಬೇಡ, ಕಂಬಳಿ ಒದ್ದೆ ಆಗತ್ತೆ. ಇರೋದೊಂದೇ ಒಣಗಿದ್ದು." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಚೈನ್ ತುಂಡಾಗಿದ್ದು ಇಳಿಯೋವಾಗ. ಅದಕ್ಕೆ ಮುಂಚೆ ಹತ್ತೋವಾಗಲೇ ನಾನು ಕೂತ್ಬಿಟ್ಟಿದ್ದೆ. ಹೊಟ್ಟೆ ಒಳಗೆ ಯಾರೋ ಹಿಂಡಿದ ಹಾಗೆ. ನಿನ್ನ ಗಂಡಂಗೆ ಹೇಳ್ಬೇಡ. ರೇಸಿಗೆ ಹೋಗೋ ಮೈಯಲ್ಲ ಇದು. ಗುಡ್ಡದ ಮೇಲೆ ಗೊತ್ತಾಯ್ತು. ನಾಳೆ ಆಸ್ಪತ್ರೆಗೆ ಫೋನ್ ಮಾಡು."

ನಾನು ಗೆದ್ದಿದ್ದೆ. ಇಷ್ಟು ದಿನ ಕೊಂಡಿ ಕದ್ದದ್ದು ಈ ಒಂದು ಮಾತಿಗೆ. ಡೈರಿಯಲ್ಲಿ ದೊಡ್ಡಕ್ಷರದಲ್ಲಿ ಬರೆಯಬೇಕು ಅಂದುಕೊಂಡಿದ್ದ ಮಾತದು. ಕೇಳಿದ ಮೇಲೆ, ಇವರು ಮತ್ತೆ ಹಟ ಹಿಡಿದು ಬೈದು ಬ್ರಷ್ಷು ಕೊಯ್ಯುತ್ತ ಕೂರಲಿ ದೇವರೇ ಅನ್ನಿಸಿತು.

"ರೇಸಿನ ನೆಪ ಹೇಳಿ ಮುಂದಕ್ಕೆ ಹಾಕೋವಷ್ಟು ಹೆದರಿಕೇನಾ ಅತ್ತೆ, ಆಪರೇಷನ್ ಅಂದ್ರೆ? ನೀವು ಎಷ್ಟು ನೋಡಿದೀರಿ!"

"ನೋಡಿರೋದಕ್ಕೇ ಹೆದರಿಕೆ." ಅತ್ತೆ ಗೊಂಬೆಯ ಸರವನ್ನು ಬೆರಳಿಗೆ ಸುತ್ತುತ್ತ ಹೇಳಿದರು. "ಕೆಲವು ಸಲ ತೆರೀತಾರೆ. ಒಳಗೆ ನೋಡ್ತಾರೆ. ಎಲ್ಲಾ ಕಡೆ ಹರಡಿರತ್ತೆ. ಏನೂ ಮುಟ್ಟಲ್ಲ. ಸರ್ಜನ್ನು ನನ್ನ ಕಡೆ ಕೈ ಚಾಚ್ತಾರೆ, ನಾನು ಹೊಲಿಯೋ ಸೂಜಿ ಕೊಡ್ತೀನಿ. ಆ ದಿನ ಎಣಿಕೆ ಬೇಗ ಮುಗಿಯತ್ತೆ ಕಣೇ. ತಟ್ಟೇಲಿ ಜೋಡಿಸಿಟ್ಟಿದ್ದು ಜೋಡಿಸಿಟ್ಟ ಹಾಗೇ ಇರತ್ತೆ."

ಅಡುಗೆಮನೆಯಲ್ಲಿ ನನ್ನವರು ಸಕ್ಕರೆ ಎಲ್ಲಿದೆ ಅಂತ ಕೂಗಿದರು.

"ಎಚ್ಚರ ಆದ್ಮೇಲೆ ಎಲ್ರೂ ನಂಗೆ ಚೆನ್ನಾಗಾಯ್ತು ಅಂತಲೇ ಹೇಳೋದು," ಅಂದರು ಅತ್ತೆ. "ಸರ್ಜನ್ನು ಬೆನ್ನು ತಟ್ತಾರೆ. ನಿನ್ನ ಗಂಡ ಮುಖ ಆಚೆ ತಿರುಗಿಸಿ ಆಕಳಿಸ್ತಾನೆ. ನಾನೂ ಹಾಗೇ ಹೇಳಿದೀನಿ ಜನಕ್ಕೆ, ನಗ್ತಾ ನಗ್ತಾ. ಅದಕ್ಕೇ ಆ ಕೆಲಸ ನಿಂಗೆ ಕೊಡ್ತಿದೀನಿ. ನೀನು ಒಂದ್ಸಲ ತಪ್ಪಿದೀಯ, ಇನ್ನೊಂದ್ಸಲ ತಪ್ಪಲ್ಲ."

"ಏನು ಮಾಡ್ಬೇಕು ಅತ್ತೆ?"

"ಥಿಯೇಟರ್ ಬಾಗಿಲ ಹೊರಗೆ ಗಡಿಯಾರ ನೋಡ್ತಾ ಕೂತಿರು. ತುಂಬಾ ಹೊತ್ತು ಒಳಗೆ ಇಟ್ಕೊಂಡ್ರೆ ಕೆಲಸ ನಡೀತಿದೆ ಅಂತ. ನಿಧಾನಕ್ಕೆ ಬಂದಷ್ಟೂ ನಾನು ಗೆದ್ದ ಹಾಗೆ, ಅಂಥ ರೇಸು ಇದೊಂದೇ. ಬೇಗ ಬಂದ್ಬಿಟ್ರೆ..." ನನ್ನ ಮಣಿಕಟ್ಟು ಹಿಡಿದುಕೊಂಡರು. ಕೈ ಇನ್ನೂ ತಣ್ಣಗಿತ್ತು. "ಕಣ್ಣು ಬಿಟ್ಟ ತಕ್ಷಣ ಕೇಳ್ತೀನಿ, ಎಷ್ಟು ಹೊತ್ತಾಯ್ತು ಅಂತ. ಆಗಿದ್ದಷ್ಟೇ ಹೇಳು. ಒಂದು ನಿಮಿಷಾನೂ ಸೇರಿಸ್ಬೇಡ. ಇಷ್ಟು ಮಾಡ್ತೀಯಾ ನಂಗೆ?"